ತಿರುಗಿ ನೋಡದೆ ಓಡಿದವನು

ಕೋಳಿಗೆ ಎರಡೇ ತೊಡೆ ಇರುವುದು ಕ್ವೆಕ್ ಕೂನ್ ಲಿಯಾಂಗನ ಸಂಸಾರದ ಮಟ್ಟಿಗೆ ಬಹಳ ಅನ್ಯಾಯದ ಏರ್ಪಾಡಾಗಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಸಿಂಗಪುರದ ತೋವಾ ಪಾಯೋದಲ್ಲಿ, ಹನ್ನೊಂದನೇ ಮಹಡಿಯ ಅತ್ತೆಯ ಮನೆಯಲ್ಲಿ ಊಟ. ಮೇಜಿನ ನಡುವೆ ಬೇಯಿಸಿದ ಇಡೀ ಕೋಳಿ. ಅದರ ಒಂದು ತೊಡೆಯನ್ನು ಅತ್ತೆ ಮೇಡಂ ಗೋ ದೇವರ ಮುಂದಿಟ್ಟು ಆಮೇಲೆ ತಾವೇ ತಿನ್ನುತ್ತಿದ್ದರು. ಇನ್ನೊಂದನ್ನು ಚಾಪ್‌ಸ್ಟಿಕ್ಕಿನಲ್ಲಿ ಎತ್ತಿ, ಎಲ್ಲರ ಬಟ್ಟಲುಗಳ ಮೇಲೂ ಒಂದು ಸುತ್ತು ಮೆರವಣಿಗೆ ಮಾಡಿಸಿ, ಕಿರಿಯ ಅಳಿಯ ಡೆಸ್ಮಂಡನ ಬಟ್ಟಲಿಗೆ ಇಳಿಸುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಹಿರಿಯ ಅಳಿಯನಾಗಿರುವ ಕೂನ್ ಲಿಯಾಂಗನಿಗೆ ಕತ್ತು.

ಡೆಸ್ಮಂಡ್ ಹಲ್ಲಿನ ವೈದ್ಯ. ಊರಿನವರ ಬಾಯಿ ತೆರೆಸಿ ತೆರೆಸಿ ತನ್ನ ಬಾಯಿ ಮುಚ್ಚುವುದನ್ನು ಮರೆತವನು. ಅವನಿಗೆ ಓಡುವ ಹುಚ್ಚು. ಎಲ್ಲಿ ಮ್ಯಾರಥಾನ್ ಇದ್ದರೂ ಇವನು ಅಲ್ಲಿ. ನಿಗದಿಯಾದ ಸಮಯದೊಳಗೆ ಓಟ ಮುಗಿಸಿದವರಿಗೆ ಮಾತ್ರ ಎದೆಯ ಮೇಲೆ ‘ಫಿನಿಷರ್’ ಅಂತ ಬರೆದ ಟೀ ಶರ್ಟು ಕೊಡುತ್ತಾರಲ್ಲ, ಅಂಥವು ಅವನ ಹತ್ತಿರ ಇಪ್ಪತ್ತೆಂಟಿದ್ದವು. ಭಾನುವಾರಕ್ಕೊಂದರಂತೆ ಹಾಕಿಕೊಂಡು ಬಂದು, ಅನ್ನ ಬಾಯಿಗಿಡುವ ಮೊದಲು ಆ ಓಟದ ಕಥೆ ಹೇಳಿ, ಕೋಳಿಯ ತೊಡೆ ತಿಂದು ಹೋಗುತ್ತಿದ್ದ.

ಕೂನ್ ಲಿಯಾಂಗನಿಗೆ ನಲವತ್ತೊಂಬತ್ತು. ಲಿಫ್ಟ್ ರಿಪೇರಿಯ ಕಂಪನಿಯೊಂದರಲ್ಲಿ ಫೋನು ಎತ್ತುವ ಕೆಲಸ. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ, ಗಾಬರಿಯಾಗಬೇಡಿ, ನಮ್ಮವರು ಬರುತ್ತಿದ್ದಾರೆ ಅಂತ ಹೇಳುವುದು. ಅದನ್ನು ದಿನಕ್ಕೆ ಮೂವತ್ತು ಸಲ ಹೇಳುವವನು ತಾನು ಮಾತ್ರ ಗಾಬರಿಯಾಗದ ದಿನವಿರಲಿಲ್ಲ. ಅವನ ಇನ್ನೊಂದು ಗುಣವೆಂದರೆ ಯಾವುದನ್ನೂ ಮುಗಿಸದಿರುವುದು. ಗಿಟಾರ್ ಕಲಿಯಲು ಹೋಗಿ ಮೂರು ಸ್ವರದಲ್ಲಿ ನಿಂತ. ಜಪಾನಿ ಭಾಷೆ ಕಲಿಯುತ್ತೇನೆಂದು ಹೊರಟು ಏಳರವರೆಗೆ ಎಣಿಸಲು ಕಲಿತು ವಾಪಸು ಬಂದ. ಮೀನು ಸಾಕುತ್ತೇನೆಂದು ತಂದ ಗಾಜಿನ ತೊಟ್ಟಿಯಲ್ಲಿ ಹೆಂಡತಿ ಸೊಕ್ ಹೂನ್ ಈಗ ಈರುಳ್ಳಿ ಇಡುತ್ತಿದ್ದಳು.

ಅಂಥವನು ಒಂದು ಭಾನುವಾರ, ಡೆಸ್ಮಂಡ್ ಯಾವುದೋ ಊರಿನ ಚಳಿಯಲ್ಲಿ ಓಡಿದ ಕಥೆಯ ನಡುವೆ, ಕೈಯಲ್ಲಿದ್ದ ಕೋಳಿಯ ಕತ್ತನ್ನು ಕೆಳಗಿಟ್ಟು, ತಾನೂ ಹಾಫ್ ಮ್ಯಾರಥಾನ್ ಓಡುವುದಾಗಿ ಘೋಷಿಸಿದ. ಡೆಸ್ಮಂಡ್ ಬಹಳ ಮರ್ಯಾದೆಯಿಂದ, ಇಪ್ಪತ್ತೊಂದು ಕಿಲೋಮೀಟರು ಅಂದರೆ ಎಷ್ಟು ದೂರ ಅಂತ ಗೊತ್ತಿದೆಯಾ ಭಾವ, ಬಸ್ಸಿನಲ್ಲಿ ಹೋದರೂ ಒಂದು ನಿದ್ದೆ ಆಗುತ್ತೆ ಅಂದ. ಅತ್ತೆ, ಪಾಪ, ಹೊಟ್ಟೆ ತುಂಬಿರಲಿಕ್ಕಿಲ್ಲ ಅಂತ ಇನ್ನೊಂದು ಕತ್ತಿನ ತುಂಡು ಹಾಕಿದರು.

ಸೊಕ್ ಹೂನ್ ಮಾತ್ರ ನಗಲಿಲ್ಲ. “ನೀನು ಶುರು ಮಾಡೋಕೆ ಯಾವತ್ತಾದ್ರೂ ಹೆದರಿದ್ದೀಯಾ? ಶುರು ಮಾಡೋದ್ರಲ್ಲಿ ನಿನ್ನ ಮೀರಿಸೋರು ಯಾರೂ ಇಲ್ಲ” ಅಂದಳು.

ಆ ಮಾತು ಅವನಿಗೆ ನಾಟಿತು. ಹೆಂಡತಿ ಬೈದಿದ್ದರೆ ಬೇಜಾರಿರಲಿಲ್ಲ. ಅವಳು ಬೈಯಲಿಲ್ಲ, ಹವಾಮಾನ ವರದಿ ಓದುವ ಧ್ವನಿಯಲ್ಲಿ ಹೇಳಿದ್ದಳು. ಅವತ್ತು ರಾತ್ರಿ ಮಲಗಿದಲ್ಲೇ ತೀರ್ಮಾನಿಸಿದ: ಆ ಟೀ ಶರ್ಟು ಹಾಕಿಕೊಂಡು ಒಂದು ಭಾನುವಾರ ಆ ಮೇಜಿಗೆ ಕೂರಬೇಕು. ಬದುಕಿನಲ್ಲಿ ಒಂದೇ ಒಂದನ್ನು ಮುಗಿಸಬೇಕು. ಇಷ್ಟು ತೀರ್ಮಾನ ಮಾಡಿದ ಸುಸ್ತಿಗೆ ಮರುದಿನ ಆಫೀಸಿಗೆ ತಡವಾಗಿ ಹೋದ.

ಅವನ ಅದೃಷ್ಟಕ್ಕೆ ಆಗಸ್ಟಿನಲ್ಲೇ ಒಂದು ಶನಿವಾರ ರಾತ್ರಿ ಓಟ ಸಿಕ್ಕಿತು. ಸಂಜೆ ಏಳಕ್ಕೆ ಶುರು, ಹತ್ತೂವರೆಗೆ ಮುಕ್ತಾಯ. ಸಮುದ್ರದ ಪಕ್ಕದ ದಾರಿಗೆ ಆ ಶನಿವಾರದ ಪರವಾನಗಿ ಬೇರೆ ಯಾರೂ ಕೇಳಿರಲಿಲ್ಲ. ಯಾಕೆ ಕೇಳಿಲ್ಲ ಅಂತ ಏರ್ಪಾಟು ಮಾಡಿದ ಬೆನೆಡಿಕ್ಟ್ ಖೂ ಎಂಬ ತರುಣನೂ ಯೋಚಿಸಲಿಲ್ಲ. ಅವನು ಮೆಲ್ಬರ್ನಿನಲ್ಲಿ ಓದಿ ಬಂದವನು, ಗೋಡೆಯ ಮೇಲೆ ಇಂಗ್ಲಿಷ್ ಕ್ಯಾಲೆಂಡರು ಮಾತ್ರ ನೇತುಹಾಕಿದವನು. ಚೀನೀ ಕ್ಯಾಲೆಂಡರಿನಲ್ಲಿ ಅದು ಏಳನೇ ತಿಂಗಳು. ಪಾತಾಳದ ಬಾಗಿಲು ತೆಗೆದು, ಸತ್ತವರಿಗೆಲ್ಲ ಭೂಮಿಯ ಮೇಲೆ ತಿರುಗಾಡಲು ಒಂದು ತಿಂಗಳ ರಜೆ ಕೊಡುವ ತಿಂಗಳು.

ಇಂಥದ್ದನ್ನು ಸಿಂಗಪುರದಲ್ಲಿ ಯಾರೂ ನಂಬುವುದಿಲ್ಲ. ನಂಬುವುದಿಲ್ಲ, ಆದರೆ ಆ ತಿಂಗಳಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ, ಮದುವೆಯಾಗುವುದಿಲ್ಲ, ಕತ್ತಲಾದ ಮೇಲೆ ಬಟ್ಟೆ ಒಣಹಾಕುವುದಿಲ್ಲ. ಕೂನ್ ಲಿಯಾಂಗನೂ ನಂಬುವವನಲ್ಲ. ತಾನು ನಂಬುವವನಲ್ಲ ಅಂತ ಅವನು ಹಗಲು ಹೊತ್ತಿನಲ್ಲಿ ಎಷ್ಟು ಸಲ ಬೇಕಾದರೂ ಹೇಳುತ್ತಿದ್ದ.

ಓಟದ ದಿನ ಮಧ್ಯಾಹ್ನ ಅತ್ತೆ ಬೆವರುಸಾಲೆಯ ಪೌಡರಿನ ದೊಡ್ಡ ಡಬ್ಬಿ ಹಿಡಿದು ಮಗಳ ಮನೆಗೆ ಬಂದರು. ಮೊದಲು ಅವರ ಕಣ್ಣಿಗೆ ಬಿದ್ದದ್ದು ಎದೆಗೆ ಸಿಕ್ಕಿಸುವ ನಂಬರಿನ ಕಾಗದ. 7414. ಏಳನೇ ತಿಂಗಳಿಗೆ ಏಳು, ಅದರ ಬೆನ್ನಿಗೆ ಸಾವಿನ ಅಂಕಿಯಾದ ನಾಲ್ಕು, ಅದೂ ಎರಡೆರಡು. ಅತ್ತೆ ಎದೆ ಮುಟ್ಟಿಕೊಂಡು ಸೋಫಾದ ಮೇಲೆ ಕೂತರು. ಆ ಗಲಾಟೆಯಲ್ಲಿ, ನಂಬರಿನ ಕೆಳಗೆ ಎರಡಂಗುಲದ ಅಕ್ಷರದಲ್ಲಿ ‘ಕೂನ್ ಲಿಯಾಂಗ್’ ಅಂತ ಹೆಸರೂ ಅಚ್ಚಾಗಿರುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಗದ ಹಾಕಿಕೊಂಡ ಮೇಲಂತೂ ಅದು ಅವನ ಹೊಟ್ಟೆಯ ಇಳಿಜಾರಿನಲ್ಲಿ, ಅವನೊಬ್ಬನಿಗೆ ಬಿಟ್ಟು ಊರಿಗೆಲ್ಲ ಕಾಣುವ ಕಡೆ ಕೂತಿತು.

ಅತ್ತೆ ಅಳಿಯನನ್ನು ಸ್ಟೂಲಿನ ಮೇಲೆ ಕೂರಿಸಿ, ಕತ್ತಿಗೆ, ಕೈಗೆ, ಮುಖಕ್ಕೆ ಪೌಡರು ಸುರಿಯುತ್ತ ಉಪದೇಶ ಮಾಡಿದರು. ದಾರಿಯ ಪಕ್ಕ ಸತ್ತವರಿಗೆ ಇಟ್ಟ ಎಡೆಯನ್ನು ತುಳಿಯಬಾರದು, ಅದರ ಹತ್ತಿರವೂ ಸುಳಿಯಬಾರದು, ದೂರದಿಂದ ಸುತ್ತಿಕೊಂಡು ಹೋಗಬೇಕು. ಬಿದ್ದಿದ್ದನ್ನು ಎತ್ತಬಾರದು. ಶಿಳ್ಳೆ ಹಾಕಬಾರದು. ಕೊನೆಗೆ ಡಬ್ಬಿಯನ್ನು ಕೆಳಗಿಟ್ಟು, ಮುಖ್ಯವಾದದ್ದನ್ನು ಹೇಳಿದರು.

“ಮನುಷ್ಯರಿಗೆ ಎರಡು ಭುಜದ ಮೇಲೆ ಎರಡು ದೀಪ, ನೆತ್ತಿ ಮೇಲೊಂದು. ನಮ್ಮ ಕಣ್ಣಿಗೆ ಕಾಣಲ್ಲ, ಅವಕ್ಕೆ ಕಾಣುತ್ತೆ. ದೀಪ ಉರೀತಿರೋ ತನಕ ಮುಟ್ಟಲ್ಲ. ಅದಕ್ಕೇ ಹಿಂದಿನಿಂದ ಹೆಸರಿಡಿದು ಕರೀತವೆ. ತಿರುಗಿದೆಯೋ, ಆ ಕಡೆ ದೀಪ ಆರಿತು. ಯಾರಾದ್ರೂ ಭುಜ ತಟ್ಟಿದ್ರೂ ಅಷ್ಟೇ.”

“ಕರೆಯೋರು ಗೊತ್ತಿರೋರಾದ್ರೆ, ಅಮ್ಮ?”

“ಗೊತ್ತಿಲ್ದೋರ ಧ್ವನೀಲಿ ಕರೆಯೋಕೆ ಅವಕ್ಕೇನು ಹುಚ್ಚಾ? ನನ್ನ ಧ್ವನೀಲೇ ಕರೆದ್ರೂ ತಿರುಗಬೇಡ. ಈ ತಿಂಗಳು ಕತ್ತಲಾದ ಮೇಲೆ ನಾನು ಹೊಸ್ತಿಲು ದಾಟೋಳಲ್ಲ, ನಿನಗೆ ಗೊತ್ತಲ್ಲ.”

ಹತ್ತೊಂಬತ್ತು ವರ್ಷದಲ್ಲಿ ಅತ್ತೆ ಅವನ ಜೊತೆ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಅದೇ ಮೊದಲು. ಅವನಿಗೆ ಒಳಗೊಳಗೇ ಸಂತೋಷವಾಯಿತು. ಒಂದು ಮಾತನ್ನೂ ಮೀರುವುದಿಲ್ಲ ಅಂತ ಮಾತು ಕೊಟ್ಟ.

ಏಳಕ್ಕೆ ಓಟ ಶುರುವಾಯಿತು. ಕಾಲು ಗಂಟೆಯಲ್ಲಿ ಸೂರ್ಯ ಮುಳುಗಿದ್ದೇನೋ ಹೌದು, ಆದರೆ ತನ್ನ ಬಿಸಿಯನ್ನು ತೆಗೆದುಕೊಂಡು ಹೋಗುವುದನ್ನು ಮರೆತಿದ್ದ. ಮಧ್ಯಾಹ್ನದ ಮಳೆ ರಸ್ತೆಯಿಂದ ಹಬೆಯಾಗಿ ಏಳುತ್ತಿತ್ತು. ಸಮುದ್ರದ ಕಡೆಯಿಂದ ಗಾಳಿ ಬರುತ್ತದೆ ಅಂತ ಜಾಹೀರಾತಿನಲ್ಲಿ ಬರೆದಿದ್ದರು. ಬಂದದ್ದು ಹಿಂಡದ ಟವೆಲಿನ ಹಾಗೆ ಮುಖಕ್ಕೆ ಅಂಟಿಕೊಳ್ಳುವಂಥದ್ದು. ಉಸಿರಾಡುವುದಕ್ಕಿಂತ ಕುಡಿಯುವುದು ಸುಲಭವಾಗಿತ್ತು. ಎರಡನೇ ಕಿಲೋಮೀಟರಿನಲ್ಲೇ ಬೆವರು ಸೇರಿ ಅತ್ತೆಯ ಪೌಡರು ಕಲಸಿದ ಸುಣ್ಣವಾಯಿತು. ಐದನೆಯದರಲ್ಲಿ ಮುಖದ ಮೇಲೆ ಒಂದು ಪದರ ಗಟ್ಟಿಯಾಗಿ ಕೂತು, ಎರಡು ಕಣ್ಣು ಬಿಟ್ಟರೆ ಕೂನ್ ಲಿಯಾಂಗ್ ಪೂರ್ತಿ ಬೆಳ್ಳಗಾದ. ನೀರು ಕೊಡುವ ಹುಡುಗಿಯರು ಅವನಿಗೆ ಲೋಟವನ್ನು ಕೈಗೆ ಕೊಡದೆ ಮೇಜಿನ ತುದಿಗೆ ಇಟ್ಟು ಹಿಂದೆ ಸರಿಯುತ್ತಿದ್ದರು. ಅದನ್ನು ಅವನು ಶಿಸ್ತು ಅಂದುಕೊಂಡ.

ಆದರೂ ಓಡಿದ. ಇದನ್ನು ಒಪ್ಪಬೇಕು. ಎಂಟು, ಹತ್ತು, ಹನ್ನೆರಡು ಮುಗಿದವು. ಹದಿನೈದನೇ ಕಿಲೋಮೀಟರಿನ ಫಲಕ ದಾಟಿದಾಗ, ಗಿಟಾರಿಗಿಂತ ಮುಂದೆ ಬಂದೆ ಅಂತ ಅವನಿಗೆ ಅಳುವೇ ಬಂತು. ಸಮಯವೂ ಇತ್ತು. ಹೀಗೇ ಹೋದರೆ ಹತ್ತೂ ಕಾಲಿಗೆಲ್ಲ ಟೀ ಶರ್ಟು ಕೈಯಲ್ಲಿ.

ಹದಿನಾರನೇ ಕಿಲೋಮೀಟರಿನಲ್ಲಿ ದಾರಿ ಎಡಕ್ಕೆ ಹೊರಳಿ ಸೇತುವೆಯ ಕಡೆ ಹೋಗುತ್ತಿತ್ತು. ಆ ಎಡ ಮೂಲೆಯಲ್ಲೇ, ರಸ್ತೆಯಂಚಿಗೆ, ಯಾರೋ ಪುಣ್ಯಾತ್ಮರು ಸತ್ತವರಿಗೆ ಎಡೆ ಇಟ್ಟಿದ್ದರು. ಕಿತ್ತಳೆ, ಗುಲಾಬಿ ಬಣ್ಣದ ಅಕ್ಕಿ ಕಡಬು, ಎರಡು ಕೆಂಪು ಮೇಣದಬತ್ತಿ, ಒಂದು ಸಿಗರೇಟು. ಉಳಿದ ಓಟಗಾರರು ಹಾಗೇ ಪಕ್ಕದಲ್ಲಿ ಹಾದುಹೋದರು. ಕೂನ್ ಲಿಯಾಂಗ್ ಮಾತು ಕೊಟ್ಟವನು. ದೂರದಿಂದ ಸುತ್ತಿದ. ಎಷ್ಟು ದೂರದಿಂದ ಅಂದರೆ, ಎಡಕ್ಕೆ ಹೋಗಬೇಕಾದವನು ಬಲಗಡೆಯ ಬೇರೆಯದೇ ದಾರಿಗೆ ಬಿದ್ದ.

ತಿರುವಿನಲ್ಲಿ ನಿಂತಿದ್ದ ಸ್ವಯಂಸೇವಕಿ ಮಗ್ಗುಲಲ್ಲೇ ಹಾದುಹೋಗುತ್ತಿದ್ದ ಬಿಳಿ ಮುಖ ನೋಡಿ ಬೆಚ್ಚಿದಳು. ಆಮೇಲೆ ಎದೆಯ ಮೇಲಿನ ಹೆಸರು ಓದಿ, ಸುಧಾರಿಸಿಕೊಂಡು, ಹಿಂದಿನಿಂದ ಕೂಗಿದಳು. “ಕೂನ್ ಲಿಯಾಂಗ್ ಅಂಕಲ್, ಆ ಕಡೆ ಅಲ್ಲ, ಈ ಕಡೆ ಬನ್ನಿ.”

ಗುರುತಿಲ್ಲದ ಹೆಣ್ಣು ಧ್ವನಿ. ಹೆಸರು ಹಿಡಿದು. ಹಿಂದಿನಿಂದ. ಈ ಕಡೆ ಬನ್ನಿ ಅಂತ.

ಕೂನ್ ಲಿಯಾಂಗ್ ಕಾಲಿಗೆ ಬುದ್ಧಿ ಹೇಳಿದ. ಆವರೆಗೆ ಹೇಳಿದ್ದು ಏನೂ ಅಲ್ಲ, ಈಗ ಕಾಲು ನಿಜವಾಗಿ ಕೇಳಿತು. ಅವಳು ಕೂಗಿದಷ್ಟೂ ಓಡಿದ. ಇನ್ನೂರು ಗಜ ಹೋದ ಮೇಲೆ ಸುತ್ತ ಯಾವ ಓಟಗಾರರೂ ಇಲ್ಲದ್ದು ಗಮನಕ್ಕೆ ಬಂತು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ದಾರಿ ತಪ್ಪಿದೆ ಅಂತ ತೋಚಬಹುದು, ಇಲ್ಲವೇ ತಾನು ಎಲ್ಲರಿಗಿಂತ ಮುಂದಿದ್ದೇನೆ ಅಂತ ತೋಚಬಹುದು. ಕೂನ್ ಲಿಯಾಂಗನಿಗೆ ತೋಚಿದ್ದು ಎರಡನೆಯದು.

ದಾರಿ ಒಂದು ವಸತಿ ಬಡಾವಣೆಯ ಒಳಕ್ಕೆ ಹೊಕ್ಕಿತು. ಅಲ್ಲಿ ಅರವತ್ತೆರಡನೇ ಬ್ಲಾಕಿನ ಮುದುಕಿಯೊಬ್ಬಳು ಬಿಳಿ ಪೈಜಾಮ ತೊಟ್ಟು, ತಗಡಿನ ಡ್ರಮ್ಮಿನಲ್ಲಿ ಸತ್ತ ಗಂಡನಿಗೆ ಕಾಗದದ ಹಣ ಸುಡುತ್ತಿದ್ದಳು. ಈಕೆಗೆ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಜೋರಾಗಿ ಓದುವ ಅಭ್ಯಾಸ, ಅಷ್ಟೇ. ಬಸ್ಸಿನ ಜಾಹೀರಾತನ್ನೂ ಬಿಡುವವಳಲ್ಲ. ಓಡಿ ಬಂದವನ ಎದೆ ಓದಿದಳು. ಅವನ ಹಿಂದೆ ದೂರದಲ್ಲಿ ಒಂದು ಬೆಳಕು ಬರುತ್ತಿದ್ದುದನ್ನೂ ನೋಡಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

“ಕೂನ್ ಲಿಯಾಂಗ್. ನಿನ್ನ ಹಿಂದೆ ಯಾರೋ ಬರ್ತಿದಾರಲ್ಲೋ.”

ಹಿಂದೆ ಬರುತ್ತಿದ್ದದ್ದು ಶಾಹ್ರಿಲ್. ದಾರಿ ತಪ್ಪಿದವರನ್ನು ಹಿಡಿದು ತರಲು ನೇಮಿಸಿದ ಮೋಟಾರ್ ಬೈಕಿನ ಮಾರ್ಷಲ್. ಮಲಯ್ ತರುಣ, ಶಾಂತ ಸ್ವಭಾವದವನು. ಚೀನೀಯರ ಏಳನೇ ತಿಂಗಳ ನಿಯಮಗಳಿಗೂ ಅವನಿಗೂ ಸಂಬಂಧವಿಲ್ಲ. ಅವನು ಬೈಕು ಪಕ್ಕಕ್ಕೆ ತಂದು, ಅಂಕಲ್ ಕೂನ್ ಲಿಯಾಂಗ್, ನಿಲ್ಲಿ ಅಂದ. ನಿಲ್ಲಲಿಲ್ಲ. ಕಿವಿ ಮಂದ ಇರಬೇಕು ಅಂದುಕೊಂಡು ಹಿಂದಿನಿಂದ ಕೈ ಚಾಚಿ ಎಡ ಭುಜ ತಟ್ಟಿದ. ಒಂದು ದೀಪ ಹೋಯಿತು. ಕೂನ್ ಲಿಯಾಂಗ್ ಸಣ್ಣಗೆ ಚೀರಿ ಬಲಕ್ಕೆ ಹಾರಿದ. ಎಡಗಿವಿ ಕೇಳದಿದ್ದರೆ ಬಲಗಿವಿ ಕೇಳಬಹುದು ಅಂತ ಶಾಹ್ರಿಲ್ ಆ ಕಡೆಯಿಂದ ಬಂದು ಬಲ ಭುಜ ತಟ್ಟಿದ. ಎರಡನೆಯದೂ ಹೋಯಿತು.

ಉಳಿದದ್ದು ನೆತ್ತಿಯದೊಂದು. ಅದು ಗಾಳಿಗೆ ಆರಬಾರದೆಂದು ಕೂನ್ ಲಿಯಾಂಗ್ ತಲೆಯ ಮೇಲೆ ಅಂಗೈ ಅಡ್ಡ ಹಿಡಿದುಕೊಂಡ. ಹಾಗೇ ಓಡತೊಡಗಿದ.

ಬಡಾವಣೆಯ ಮೈದಾನದಲ್ಲಿ ಆ ರಾತ್ರಿ ಹಾಡಿನ ಕಾರ್ಯಕ್ರಮವಿತ್ತು. ಏಳನೇ ತಿಂಗಳಲ್ಲಿ ಸತ್ತವರ ಮನರಂಜನೆಗೆಂದು ಹಾಕುವ ವೇದಿಕೆ ಇದು. ಮೊದಲ ಸಾಲಿನ ಕೆಂಪು ಕುರ್ಚಿಗಳನ್ನು ಅವರಿಗಾಗಿ ಖಾಲಿ ಬಿಡುತ್ತಾರೆ. ಬದುಕಿರುವವರು ಎರಡನೇ ಸಾಲಿನಿಂದ. ಹೊಳೆಯುವ ಚಮಕಿಯ ಉಡುಪಿನ ಗಾಯಕಿ ಒಂದು ವಿರಹದ ಹಾಡಿನ ಮಧ್ಯದಲ್ಲಿದ್ದಳು. ಆಗ ಕತ್ತಲಿನಿಂದ ತಲೆಯಿಂದ ಕಾಲಿನವರೆಗೆ ಬೆಳ್ಳಗಿರುವ, ನೆತ್ತಿಯ ಮೇಲೆ ಕೈ ಇಟ್ಟುಕೊಂಡ ಆಕೃತಿಯೊಂದು ಬಂದು, ವೇದಿಕೆಗೂ ಖಾಲಿ ಕುರ್ಚಿಗಳಿಗೂ ನಡುವೆ ಈ ತುದಿಯಿಂದ ಆ ತುದಿಗೆ ಓಡಿತು. ಗಾಯಕಿ ನಿಲ್ಲಿಸಿದಳು. ಡ್ರಮ್ಮಿನವನು ಒಂದು ಏಟು ಹೆಚ್ಚು ಬಾರಿಸಿದ. ಮುನ್ನೂರು ಜನ ಉಸಿರು ಬಿಗಿಹಿಡಿದರು.

ಆಮೇಲೆ ಆ ಮುನ್ನೂರು ಜನರೂ ಫೋನು ತೆಗೆದು 7414 ಅಂತ ಬರೆದುಕೊಂಡರು. ಪರಲೋಕದಿಂದ ಬಂದವರು ನಾಲ್ಕಂಕಿಯ ನಂಬರನ್ನು ಎದೆಗೇ ಚುಚ್ಚಿಕೊಂಡು ತಂದು ಕೊಟ್ಟಾಗ, ಮರುದಿನದ ಲಾಟರಿಯಲ್ಲಿ ಅದನ್ನು ಆಡದವನು ಮೂರ್ಖ. ಹೆದರಿಕೆ ಏನಿದ್ದರೂ ಬರೆದುಕೊಂಡ ಮೇಲೆ.

ಬೆನ್ನು ಹತ್ತಿ ಬಂದ ಶಾಹ್ರಿಲ್ ಕೊನೆಯ ಸಾಲಿನ ಹತ್ತಿರ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದ. ಅಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಮುದುಕರೊಬ್ಬರಿಗೆ ತನ್ನ ಕಷ್ಟ ಹೇಳಿಕೊಂಡ. ಎಷ್ಟು ಕರೆದರೂ ತಿರುಗುತ್ತಿಲ್ಲ, ಮುಟ್ಟಿದರೆ ಚೀರುತ್ತಾರೆ. ಮುದುಕರು ಅವನನ್ನು ಕರುಣೆಯಿಂದ ನೋಡಿದರು.

“ಈ ತಿಂಗಳು ಹಿಂದಿನಿಂದ ಕರೆದ್ರೆ ಹೆತ್ತಪ್ಪನೂ ತಿರುಗಲ್ಲ ತಮ್ಮಾ. ಮುಂದೆ ಹೋಗಿ ಮುಖ ತೋರಿಸಿ ಮಾತಾಡು.”

ಶಾಹ್ರಿಲ್ ಹಾಗೇ ಮಾಡಿದ. ಸುತ್ತಿ ಹೋಗಿ, ಮುಂದಿನ ತಿರುವಿನಲ್ಲಿ ಅಡ್ಡ ನಿಂತು, ಎರಡೂ ಕೈ ಎತ್ತಿ, ತಾನು ಮನುಷ್ಯ ಅಂದ. ಮಾತು ಸಾಲದೆಂದು ಸರ್ಕಾರದ ಗುರುತಿನ ಚೀಟಿ ಹೊರತೆಗೆದು ತೋರಿಸಿದ. ಕೂನ್ ಲಿಯಾಂಗ್ ನಿಂತ. ಚೀಟಿಯ ಫೋಟೋ ನೋಡಿದ, ಮುಖ ನೋಡಿದ, ಪಾದಗಳು ನೆಲ ಮುಟ್ಟಿವೆಯೇ ಅಂತ ನೋಡಿದ. ದೆವ್ವಗಳಿಗೆ ಸಿಂಗಪುರದ ಗುರುತಿನ ಚೀಟಿ ಸಿಗುವುದಿಲ್ಲ, ಅದಕ್ಕೆ ಖುದ್ದಾಗಿ ಹಾಜರಾಗಬೇಕು. ಕೊನೆಯದಾಗಿ, ನನ್ನ ಹೆಸರು ಹೇಗೆ ಗೊತ್ತಾಯಿತು ಅಂತ ಕೇಳಿದ. ಶಾಹ್ರಿಲ್ ಅವನ ಎದೆಯ ಕಡೆ ಬೆರಳು ತೋರಿಸಿದ.

ಕೂನ್ ಲಿಯಾಂಗ್ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

“ಹೇಳಬಾರದಿತ್ತಾ” ಅಂದ.

“ಎರಡು ಕಿಲೋಮೀಟರಿಂದ ಅದನ್ನೇ ಹೇಳ್ತಿದೀನಿ ಅಂಕಲ್.”

ಶಾಹ್ರಿಲ್ ಬೈಕನ್ನು ಮುಂದೆ ಬಿಟ್ಟುಕೊಂಡು, ಒಮ್ಮೆಯೂ ಹಿಂದೆ ಹೋಗದೆ, ಅವನನ್ನು ದಾರಿ ತಪ್ಪಿದ ಜಾಗಕ್ಕೆ ವಾಪಸು ತಂದ. ಇಷ್ಟಾದರೂ ಲೆಕ್ಕ ಕೆಟ್ಟಿರಲಿಲ್ಲ. ಹೆದರಿಕೆಯಲ್ಲಿ ಓಡಿದ ವೇಗ ಅವನು ಹುಟ್ಟಿದ ಮೇಲೆ ಓಡಿರದ ವೇಗ. ಇನ್ನು ಐದು ಕಿಲೋಮೀಟರು, ನಲವತ್ತೈದು ನಿಮಿಷ. ಕಾಲು ಮರಗಟ್ಟಿತ್ತು, ಒಂದು ಬೆರಳಿನ ಉಗುರು ಬೂಟಿನೊಳಗೇ ರಾಜೀನಾಮೆ ಕೊಟ್ಟಿತ್ತು. ಈರುಳ್ಳಿ ತುಂಬಿದ ಮೀನಿನ ತೊಟ್ಟಿ ಕಣ್ಣೆದುರಿಗೆ ಬರುತ್ತಿತ್ತು. ಓಡಿದ. ನೆತ್ತಿಯ ಮೇಲಿನ ಕೈಯನ್ನು ಮಾತ್ರ ತೆಗೆಯಲಿಲ್ಲ. ತಟ್ಟಿದವನು ಮನುಷ್ಯನೇ ಆಗಿರಬಹುದು, ಭುಜದ ದೀಪಗಳಂತೂ ಆರಿದ್ದವು.

ಹತ್ತೂ ಇಪ್ಪತ್ತೊಂಬತ್ತಕ್ಕೆ ಮುಕ್ತಾಯದ ಕಮಾನು ಕಾಣಿಸಿತು. ಅದರ ಕೆಳಗೆ ನೀಲಿ ಮ್ಯಾಟು. ಅದನ್ನು ತುಳಿದರೆ ಬೂಟಿಗೆ ಕಟ್ಟಿದ, ಸಮಯ ದಾಖಲಿಸುವ ಚಿಪ್ ಸದ್ದು ಮಾಡುತ್ತದೆ, ಹೆಸರು ಪಟ್ಟಿ ಸೇರುತ್ತದೆ. ಇನ್ನು ಐವತ್ತು ಹೆಜ್ಜೆ. ಗಡಿಯಾರದಲ್ಲಿ ನಲವತ್ತು ಸೆಕೆಂಡು.

ಕಮಾನಿನ ಬಾಯಲ್ಲೇ ಒಂದು ಎಡೆ ಇತ್ತು.

ಇಡೀ ಬೇಯಿಸಿದ ಕೋಳಿ, ಆರು ಕಿತ್ತಳೆ, ಮೂರು ಬಟ್ಟಲು ಅನ್ನ, ಊದುಬತ್ತಿಯ ಹೊಗೆ. ಇಟ್ಟವರು ಬೇರೆ ಯಾರೂ ಅಲ್ಲ, ಅತ್ತೆ ಮೇಡಂ ಗೋ. ಮನೆಯಲ್ಲಿ ಕೂತು 7414ರ ಬಗ್ಗೆ ಯೋಚಿಸಿ ಯೋಚಿಸಿ ಎದೆ ತಡೆಯಲಾರದೆ, ಜೀವಮಾನದಲ್ಲಿ ಮೊದಲ ಸಲ ಏಳನೇ ತಿಂಗಳ ಕತ್ತಲಲ್ಲಿ ಹೊಸ್ತಿಲು ದಾಟಿ, ಮಗಳನ್ನೂ ಎಳೆದುಕೊಂಡು ಟ್ಯಾಕ್ಸಿಯಲ್ಲಿ ಬಂದಿದ್ದರು. ನನ್ನ ಅಳಿಯನನ್ನು ದಾಟಲು ಬಿಡಿ ಅಂತ ಸತ್ತವರಿಗೆ ಎಡೆ ಇಟ್ಟು ಕೇಳಿಕೊಂಡಿದ್ದರು. ಇಲ್ಲಿ ಇಡಬಾರದು ಅಂತ ಸ್ವಯಂಸೇವಕರು ಬಾಯಲ್ಲಿ ಹೇಳಿದರು. ಆದರೆ ಇಟ್ಟ ಎಡೆಯನ್ನು ಕೈಯಿಂದ ಎತ್ತುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ.

ಕೂನ್ ಲಿಯಾಂಗನಿಗೆ ಕಂಡದ್ದು ಎಡೆ ಮಾತ್ರ. ಹತ್ತಿರವೂ ಸುಳಿಯಬಾರದು, ದೂರದಿಂದ ಸುತ್ತಬೇಕು. ಸುತ್ತಿದ. ಕಮಾನಿನ ಕಂಬದ ಹೊರಗಿನಿಂದ, ಮ್ಯಾಟಿನಿಂದ ಮೂರು ಮಾರು ಆಚೆ ಹಾದು, ಮುಂದಕ್ಕೆ ಓಡಿದ.

ಸೊಕ್ ಹೂನ್ ಕೂಗಲಿಲ್ಲ. ರಾತ್ರಿ ಹೆಸರು ಹಿಡಿದು ಕೂಗಬಾರದೆಂದು ತಾಯಿ ಟ್ಯಾಕ್ಸಿಯಲ್ಲಿ ಮೂರು ಸಲ ಹೇಳಿದ್ದರು. ಬೇಲಿಯ ಹಿಂದೆ ನಿಂತು ಎರಡೂ ಕೈ ಬೀಸಿದಳು, ಅವನು ನೋಡಲಿಲ್ಲ. ನಿಯಮ ಮಾಡಿದ ತಾಯಿಯೇ ತಡೆಯಲಾರದೆ ಬಾಯಿಬಿಟ್ಟರು.

“ಕೂನ್ ಲಿಯಾಂಗ್, ತಿರುಗೋ. ಮ್ಯಾಟು ತುಳೀಲಿಲ್ಲ ನೀನು. ತಿರುಗು.”

ಅತ್ತೆಯ ಧ್ವನಿ. ಈ ತಿಂಗಳ ಕತ್ತಲಲ್ಲಿ ಹೊಸ್ತಿಲು ದಾಟದ ಅತ್ತೆಯ ಧ್ವನಿ. ಹಿಂದಿನಿಂದ. ಕೂನ್ ಲಿಯಾಂಗ್, ಅವರು ಹೇಳಿದ್ದು ಎಷ್ಟು ಸತ್ಯ ಅಂದುಕೊಂಡು, ನೆತ್ತಿಯನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದು, ಕಾರುಗಳ ನಿಲ್ದಾಣದ ಕಡೆ ಓಡಿದ. ಹಿಂದೆ ಗಡಿಯಾರ ಹತ್ತೂವರೆ ತೋರಿಸಿ ಆರಿತು. ಅತ್ತೆ ಇನ್ನೊಂದು ಗೇಟಿನಿಂದ ಹೋಗಿ ಮುಖ ತೋರಿಸುವ ಹೊತ್ತಿಗೆ ಮ್ಯಾಟನ್ನು ಸುತ್ತಿ ಲಾರಿಗೆ ಹಾಕಿದ್ದರು.

ಆ ರಾತ್ರಿ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಮುಗಿಸಿಲ್ಲ’ ಅಂತ ಬಂತು. ಕೈಗಡಿಯಾರ ಇಪ್ಪತ್ತೈದು ಕಿಲೋಮೀಟರು ಹೇಳುತ್ತಿತ್ತು. ಡೆಸ್ಮಂಡ್ ಫೋನು ಮಾಡಿ, ನಾಲ್ಕು ಕಿಲೋಮೀಟರು ಹೆಚ್ಚಿಗೆ ಓಡಿಯೂ ಮುಗಿಸದೆ ಬರುವುದು ಎಲ್ಲರಿಗೂ ಸಾಧ್ಯವಿಲ್ಲ ಭಾವ, ಅದಕ್ಕೊಂದು ಪ್ರತಿಭೆ ಬೇಕು ಅಂದ. ಸೊಕ್ ಹೂನ್ ಬಿಸಿನೀರಿನ ಬಕೆಟ್ಟು ತಂದು ಅವನ ಕಾಲ ಹತ್ತಿರ ಇಟ್ಟಳು. ಅವನು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಅತ್ತ. ಬೆವರು ಅಂತ ಹೇಳಿದ.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಅತ್ತೆ ಅವನನ್ನು ತೋಳು ಹಿಡಿದು ಬೆನೆಡಿಕ್ಟ್ ಖೂನ ಆಫೀಸಿಗೆ ಕರೆದುಕೊಂಡು ಹೋದರು. ಮ್ಯಾಟು ತುಳಿಯದವರಿಗೆ ಟೀ ಶರ್ಟು ಕೊಡುವ ನಿಯಮವಿಲ್ಲ ಅಂತ ಬೆನೆಡಿಕ್ಟ್ ವಿನಯವಾಗಿಯೇ ಹೇಳಿದ. ಕಾರಣ ಬರೆದುಕೊಡಿ, ನೋಡೋಣ ಅಂತ ಒಂದು ಫಾರಮ್ಮು ಕೊಟ್ಟ. ಅದರಲ್ಲಿ ಗಾಯ, ಅನಾರೋಗ್ಯ, ಇತರೆ ಅಂತ ಮೂರು ಚೌಕಗಳಿದ್ದವು. ಕೂನ್ ಲಿಯಾಂಗ್ ಇತರೆಗೆ ಗುರುತು ಹಾಕಿ, ಅತ್ತೆ ಹೇಳಿದಂತೆ ಎಲ್ಲವನ್ನೂ ಬರೆದ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಏನೆಂದು ಕರೆದರು.

ಬೆನೆಡಿಕ್ಟ್ ಓದಿದ. ತುಟಿಯಂಚಿನಲ್ಲಿ ಮೆಲ್ಬರ್ನಿನ ನಗು ಇತ್ತು. ಹದಿನಾರನೇ ಕಿಲೋಮೀಟರಿನ ಹುಡುಗಿ ನಮ್ಮವಳೇ ಅಂದ. ಬೈಕಿನವನು ನಮ್ಮ ಶಾಹ್ರಿಲ್ ಅಂದ. ಮುಂದಿನ ಸಾಲಿಗೆ ಬಂದು ನಿಂತ.

“ಈ ಹೆಂಗಸು ಯಾರು? ಬಿಳಿ ಬಟ್ಟೆ, ಬೆಂಕಿ ಮುಂದೆ ನಿಂತಿದ್ದೋಳು, ಹೆಸರಿಡಿದು ಕರೆದೋಳು. ಅಲ್ಲಿ ನಾವು ಯಾರನ್ನೂ ನಿಲ್ಲಿಸಿರಲಿಲ್ಲ.”

ಅವಳು ಕಾಗದ ಸುಡಲು ಬಂದ ಯಾವುದೋ ಬ್ಲಾಕಿನ ಮುದುಕಿ ಅಂತ ಹೇಳಲು ಕೂನ್ ಲಿಯಾಂಗ್ ಬಾಯಿ ತೆರೆದ. ಮೇಜಿನ ಕೆಳಗೆ ಅತ್ತೆ ಅವನ ಕಾಲು ತುಳಿದರು, ಸರಿಯಾಗಿ ಉಗುರು ಹೋದ ಬೆರಳನ್ನೇ. ಅವನ ಕಣ್ಣಲ್ಲಿ ನೀರು ತುಂಬಿತು. ಬೆನೆಡಿಕ್ಟ್ ಆ ನೀರನ್ನು ನೋಡಿದ. ಅವನ ನಗು ಮೆಲ್ಬರ್ನಿಗೆ ವಾಪಸು ಹೋಯಿತು. ಓದಿದ್ದು ಎಲ್ಲೇ ಇರಲಿ, ಹುಟ್ಟಿದ್ದು ತೋವಾ ಪಾಯೋದಲ್ಲಿ, ಬೆಳೆದದ್ದು ಅಜ್ಜಿಯ ಮಗ್ಗುಲಲ್ಲಿ.

“ಅವಳ ಮುಖ ನೋಡಿದ್ರಾ?” ಅಂದ ಮೆಲ್ಲಗೆ.

“ಅದೆಲ್ಲ ಕೇಳಬಾರದಪ್ಪ” ಅಂದರು ಅತ್ತೆ. “ಈ ತಿಂಗಳಲ್ಲಿ ಓಟ ಇಟ್ಟೋನು ನೀನೇ ಅಲ್ವಾ?”

ಬೆನೆಡಿಕ್ಟ್ ಎದ್ದು ಕಪಾಟು ತೆಗೆದ. ದೊಡ್ಡ ಅಳತೆಯವು ಮುಗಿದಿದ್ದವು. ಉಳಿದ ಒಂದೇ ಸಣ್ಣ ಟೀ ಶರ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ದೇವರಿಗೆ ಒಪ್ಪಿಸುವಂತೆ ಒಪ್ಪಿಸಿದ. ಪಟ್ಟಿಯಲ್ಲಿ ಹೆಸರನ್ನೂ ಸರಿಪಡಿಸಿದ. ಮುಂದಿನ ವರ್ಷದ ಓಟ ಯಾವ ತಿಂಗಳು ಇಡಬೇಕೆಂದು ಅತ್ತೆಯನ್ನು ಕೇಳಿ ಬರೆದುಕೊಂಡ.

ಹೊರಗೆ ಬಸ್ಸಿಗೆ ಕಾಯುವಾಗ ಅತ್ತೆ ರಸ್ತೆಯನ್ನೇ ನೋಡುತ್ತ, ನನಗೆ ಇಬ್ಬರು ಹೆಣ್ಣು ಮಕ್ಕಳು, ಇಬ್ಬರು ಅಳಿಯಂದಿರು, ಮೊನ್ನೆಯ ತನಕ ಒಬ್ಬರಾದರೂ ನನ್ನ ಒಂದು ಮಾತನ್ನು ಕೊನೆಯವರೆಗೆ ಕೇಳಿದ್ದಿಲ್ಲ ಅಂದರು. ಬಸ್ಸು ಬಂತು.

ಭಾನುವಾರ ಕೂನ್ ಲಿಯಾಂಗ್ ಆ ಟೀ ಶರ್ಟಿನೊಳಗೆ ಹೇಗೋ ತೂರಿಕೊಂಡು ಮೇಜಿಗೆ ಕೂತ. ‘ಫಿನಿಷರ್’ ಎಂಬ ಅಕ್ಷರಗಳು ಹೊಟ್ಟೆಯ ಮೇಲೆ ಎಳೆದು ಅಗಲವಾಗಿ, ಡೆಸ್ಮಂಡನ ಇಪ್ಪತ್ತೆಂಟಕ್ಕಿಂತ ಚೆನ್ನಾಗಿ ಓದಲು ಬರುತ್ತಿದ್ದವು. ಡೆಸ್ಮಂಡ್ ಅದನ್ನು ಓದಿದ, ಅವತ್ತು ಯಾವ ಕಥೆಯನ್ನೂ ಹೇಳಲಿಲ್ಲ.

ಅಡುಗೆಮನೆಯಿಂದ ಅತ್ತೆ ಚಾಪ್‌ಸ್ಟಿಕ್ಕಿನಲ್ಲಿ ಕೋಳಿಯ ತೊಡೆ ಹಿಡಿದು ಬಂದು, ಕೂನ್ ಲಿಯಾಂಗನ ಬೆನ್ನ ಹಿಂದೆ ನಿಂತು ಅವನನ್ನು ಕರೆದರು. ಡೆಸ್ಮಂಡ್ ತಟ್ಟನೆ ತಿರುಗಿದ. ಕೂನ್ ಲಿಯಾಂಗ್ ತಿರುಗಲಿಲ್ಲ. ಮಟಮಟ ಮಧ್ಯಾಹ್ನವೇ ಆಗಿರಬಹುದು, ತಿಂಗಳು ಮುಗಿಯಲು ಇನ್ನೂ ಎಂಟು ದಿನವಿತ್ತು. ಅತ್ತೆ ಇನ್ನೊಮ್ಮೆ ಕರೆದರು. ಅವನು ಅನ್ನದ ಬಟ್ಟಲನ್ನೇ ನೋಡುತ್ತ, ಒಂದು ಕೈಯನ್ನು ನಿಧಾನವಾಗಿ ನೆತ್ತಿಯ ಮೇಲಿಟ್ಟುಕೊಂಡ.

ಡೆಸ್ಮಂಡ್ ತನ್ನ ಬಟ್ಟಲನ್ನು ಸ್ವಲ್ಪ ಮುಂದಕ್ಕೆ ಚಾಚಿದ. ಅತ್ತೆ ಆ ಬಟ್ಟಲನ್ನು ದಾಟಿ, ಮಂಡಿನೋವಿನ ಕಾಲನ್ನು ಎಳೆಯುತ್ತ, ಇಡೀ ಮೇಜನ್ನು ಸುತ್ತಿ ಬಂದು, ಕೂನ್ ಲಿಯಾಂಗನಿಗೆ ಎದುರಾಗಿ ನಿಂತು ಮುಖ ತೋರಿಸಿ, ತೊಡೆಯನ್ನು ಅವನ ಬಟ್ಟಲಿಗೆ ಇಳಿಸಿದರು.

“ಅದನ್ನಾದ್ರೂ ಪೂರ್ತಿ ಮುಗಿಸು” ಅಂದಳು ಸೊಕ್ ಹೂನ್, ಹವಾಮಾನ ವರದಿಯ ಧ್ವನಿಯಲ್ಲಲ್ಲ.

ಕೂನ್ ಲಿಯಾಂಗ್ ಮೂಳೆಯವರೆಗೆ ಮುಗಿಸಿದ.